ಅದು ಮಿದುಳಿನ ಅಲೆ ಅಲ್ಲ, ಸ್ಕ್ಯಾನರ್!

ಎಂಆರ್‌ಐ (ಆಯಸ್ಕಾಂತದಿಂದ ಮಿದುಳಿನ ಚಿತ್ರ ತೆಗೆಯುವ ಸ್ಕ್ಯಾನ್) ನಡೆಯುವಾಗಲೇ ದಾಖಲಿಸಿದ ಇಇಜಿ (ನೆತ್ತಿಯ ಮೇಲೆ ಅಳೆಯುವ ಮಿದುಳಿನ ವಿದ್ಯುತ್ ಅಲೆ) ಬಗ್ಗೆ ತಿಂಗಳು ತಿಂಗಳೂ ಅದದೇ ಪ್ರಶ್ನೆ. ಇದಕ್ಕಿಂತ ಹೆಚ್ಚು ವಿವರಿಸುವ ತಾಳ್ಮೆ ನನಗಿಲ್ಲ, ಕ್ಷಮಿಸಿ.

ಪ್ರಶ್ನೆ: ಸರ್, ಗ್ರೇಡಿಯಂಟ್ ಗದ್ದಲದ (ಸ್ಕ್ಯಾನರ್‌ನ ಬದಲಾಗುವ ಕಾಂತಕ್ಷೇತ್ರ ಇಇಜಿಯಲ್ಲಿ ಹುಟ್ಟಿಸುವ ಗದ್ದಲ) ಸರಾಸರಿ ತೆಗೆದು ಇಇಜಿಯಿಂದ ಕಳೆದೆ. ಆದರೂ ಆವರ್ತನ ನಕ್ಷೆಯಲ್ಲಿ 15, 30, 45 ಹರ್ಟ್ಸ್‌ನಲ್ಲಿ ಮೊಳೆ ಹೊಡೆದಂತೆ ಗೆರೆಗಳು ಉಳಿದಿವೆ. ಮಿದುಳಿನ ಬೀಟಾ ಅಲೆ ಇರಬಹುದೇ? ಟಿಆರ್ (ಇಡೀ ಮಿದುಳಿನ ಒಂದು ಸುತ್ತು ಚಿತ್ರಕ್ಕೆ ಬೇಕಾದ ಸಮಯ) 2 ಸೆಕೆಂಡ್, ಸುತ್ತಿಗೆ 30 ಸ್ಲೈಸ್ (ಪದರ). (ಸಂಶೋಧನಾ ವಿದ್ಯಾರ್ಥಿನಿ)

ಉತ್ತರ: ಅಲ್ಲಮ್ಮ. 30ನ್ನು 2ರಿಂದ ಭಾಗಿಸಿ. ಸೆಕೆಂಡಿಗೆ 15 ಸ್ಲೈಸ್; 30, 45 ಅದರ ಗುಣಕಗಳು. ಮಿದುಳು ನಿಮ್ಮ ಸ್ಲೈಸ್ ಲೆಕ್ಕ ಹಿಡಿದು ಕುಣಿಯುವುದಿಲ್ಲ.

ನೀವು ಬಳಸಿದ್ದು ಲಂಡನ್ನಿನ ಫಿಲಿಪ್ ಅಲೆನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ವಿಧಾನ. ಅದು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಪ್ರತಿ ಸುತ್ತಿನ ಗದ್ದಲವೂ ಹಿಂದಿನದರ ತದ್ರೂಪು. ಗದ್ದಲ 5 ಮಿಲಿವೋಲ್ಟ್ ಇದ್ದು ಅದರಲ್ಲಿ ನೂರಕ್ಕೆ ಒಂದು ಪಾಲು ಉಳಿದರೂ 50 ಮೈಕ್ರೊವೋಲ್ಟ್. ನೀವು ಹುಡುಕುತ್ತಿರುವ ಇಇಜಿಯೇ ಅಷ್ಟಿರುತ್ತದೆ.

ಈಗ ಹೇಳಿ, ಇಇಜಿ ದಾಖಲಿಸುವ ಆಂಪ್ಲಿಫೈಯರ್‌ನ ಗಡಿಯಾರವನ್ನು ಸ್ಕ್ಯಾನರ್ ಗಡಿಯಾರಕ್ಕೆ ಕಟ್ಟಿದ್ದಿರಾ? ಎರಡರ ನಡುವೆ ಲಕ್ಷಕ್ಕೆ ಒಂದು ಪಾಲು ವ್ಯತ್ಯಾಸವಿದ್ದರೆ 2 ಸೆಕೆಂಡಿಗೆ 20 ಮೈಕ್ರೊಸೆಕೆಂಡ್ ಜಾರುತ್ತದೆ. 5,000 ಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ (ಒಂದು ಅಳತೆ) ಅಂದರೆ 200 ಮೈಕ್ರೊಸೆಕೆಂಡ್. ಹತ್ತೇ ಸುತ್ತಿಗೆ ಇಡೀ ಸ್ಯಾಂಪಲ್ ಹೋಯಿತು! ‘ಸುತ್ತು ಶುರುವಾದ ಗುರುತು, ಮಾರ್ಕರ್ ಇದೆಯಲ್ಲ ಸರ್’ ಅನ್ನಬೇಡಿ. ಮಾರ್ಕರ್ ಯಾವ ಸ್ಯಾಂಪಲ್ ಎಂದು ಹೇಳುತ್ತದೆ, ಆ ಸ್ಯಾಂಪಲ್‌ನ ಒಳಗೆ ಎಲ್ಲಿ ಎಂದು ಹೇಳುವುದಿಲ್ಲ. ಟಿಆರ್ ಕೂಡ 200 ಮೈಕ್ರೊಸೆಕೆಂಡಿನ ಪೂರ್ಣ ಗುಣಕವಾಗಿರಬೇಕು. ಗಡಿಯಾರ ಸರಿಯಿದ್ದೂ ಗೆರೆ ಉಳಿದರೆ ತಲೆ ಅಲುಗಿದೆ, ಇಲ್ಲವೇ ವೈರು ನಡುಗಿದೆ.

ನಾಚ್ ಫಿಲ್ಟರ್ (ಒಂದೇ ಆವರ್ತನವನ್ನು ಕತ್ತರಿಸುವ ಸೋಸುಕ) ಹಾಕಿ ಗೆರೆ ಅಳಿಸಿದರೆ ಚಿತ್ರ ಚೆಂದ ಕಾಣುತ್ತದೆ, ಅಷ್ಟೇ. ಆ ಜಾಗದಲ್ಲಿದ್ದ ಬೀಟಾವೂ ಹೋಯಿತು. ದತ್ತಾಂಶವನ್ನು ದುಪ್ಪಟ್ಟು, ನಾಲ್ಕು ಪಟ್ಟು ಸ್ಯಾಂಪಲ್ ಮಾಡಿ ಸುತ್ತುಗಳನ್ನು ಒಂದಕ್ಕೊಂದು ಮತ್ತೆ ಹೊಂದಿಸಿ ನೋಡಿ. ಸ್ವಲ್ಪ ಗುಣ ಕಾಣಬಹುದು. ಕಾಣದಿದ್ದರೆ ಮತ್ತೆ ದಾಖಲಿಸಿ. ಎರಡು ಗಡಿಯಾರ ಕಟ್ಟುವ ಸಿಂಕ್ ಪೆಟ್ಟಿಗೆಯ ಕೇಬಲ್ ಸಿಕ್ಕಿಸದೆ ಒಂದಿಡೀ ವಾರದ ದಾಖಲೆ ಎಸೆದವನು ನಾನು. ಅಂದಿನಿಂದ ಕೇಬಲ್ಲನ್ನು ಕೈಯಿಂದ ಮುಟ್ಟಿ ನೋಡದೆ ಕುರ್ಚಿಯಲ್ಲಿ ಕೂರುವುದಿಲ್ಲ.

ಪ್ರಶ್ನೆ: ಹೃದಯ ಬಡಿತದ ಗದ್ದಲ ಹೋಗುತ್ತಲೇ ಇಲ್ಲ.

ಉತ್ತರ: ಇಸಿಜಿಯನ್ನು (ಹೃದಯದ ವಿದ್ಯುತ್ ದಾಖಲೆ) ಕಣ್ಣಾರೆ ನೋಡಿದಿರಾ? ಬಡಿತದ ಗದ್ದಲ ಕಳೆಯುವುದು ಅದರ ಆರ್ ಮೊನೆಯನ್ನು ಗುರುತಿಟ್ಟೇ. ಆಯಸ್ಕಾಂತದೊಳಗೆ ಹರಿಯುವ ರಕ್ತವೇ ವೋಲ್ಟೇಜ್ ಹುಟ್ಟಿಸುವುದರಿಂದ ಆರ್ ನಂತರ ಬರುವ ಟಿ ಅಲೆ ಉಬ್ಬುತ್ತದೆ, ಸಾಫ್ಟ್‌ವೇರ್ ಅದನ್ನೇ ಆರ್ ಎಂದು ಗುರುತು ಹಾಕುತ್ತದೆ. ಮೊದಲು ಅದನ್ನು ತಿದ್ದಿ.

ಪ್ರಶ್ನೆ: ಐಸಿಎಯಲ್ಲಿ (ಬೆರೆತ ಸಂಕೇತವನ್ನು ಬೇರೆ ಬೇರೆ ಘಟಕಗಳಾಗಿ ಬಿಡಿಸುವ ಲೆಕ್ಕ) ಎಷ್ಟು ಘಟಕ ತೆಗೆಯಲಿ?

ಉತ್ತರ: ಸಂಖ್ಯೆ ಕೊಡುವವರನ್ನು ನಂಬಬೇಡಿ. ಸ್ಕ್ಯಾನರ್ ಹೊರಗೆ ಕಣ್ಣು ಮುಚ್ಚಿಸಿ ದಾಖಲಿಸಿದ ಆಲ್ಫಾ ಅಲೆ (ಕಣ್ಣು ಮುಚ್ಚಿದಾಗ ಏರುವ ಮಿದುಳಿನ ಅಲೆ) ಒಳಗಿನ ದಾಖಲೆಯಲ್ಲೂ ಕಾಣಬೇಕು. ಕಾಣದಿದ್ದರೆ ಕೊಳೆಯ ಜೊತೆ ಬಟ್ಟೆಯನ್ನೂ ಒಗೆದು ಹರಿದಿದ್ದೀರಿ.

ಪ್ರಶ್ನೆ: ಒಂದೇ ಗುಂಡಿ ಒತ್ತಿದರೆ ಎಲ್ಲ ಶುದ್ಧ ಮಾಡುವ ಎಐ ತಂತ್ರಾಂಶ ಕೊಳ್ಳಲೇ?

ಉತ್ತರ: ಏನು ಕಳೆಯಿತು ಎಂದು ತೋರಿಸದಿದ್ದರೆ ಬೇಡ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಮಾಮೂಲಿ ಇಇಜಿ ಟೋಪಿ ಹಾಕಿ ಒಳಗೆ ಮಲಗಬಹುದೇ?

ಉತ್ತರ: ಬೇಡವೇ ಬೇಡ. ವೈರು ಕಾದು ನೆತ್ತಿಯ ಚರ್ಮ ಸುಡಬಹುದು.