ಹಾಲಿಗೂ ನೀರಿಗೂ ಒಂದೇ ಗ್ರಂಥಿಯೇ?

ಪ್ರಶ್ನೆ: ನನ್ನ ಮಗುವಿಗೆ ಆರು ತಿಂಗಳು. ಜಯನಗರದಿಂದ ವೈಟ್‌ಫೀಲ್ಡ್‌ನ ಕಚೇರಿಗೆ ದಿನವೂ ಹೋಗಿಬರುತ್ತೇನೆ. ಬಸ್ಸಿನಲ್ಲಿ ಬೇರೆ ಯಾರದೋ ಕೂಸು ಅತ್ತರೂ ಎದೆಹಾಲು ತಾನಾಗಿ ಸೋರುತ್ತದೆ. ಕಚೇರಿಯಲ್ಲಿ ಗಡಿಬಿಡಿಯಿಂದ ಪಂಪ್ ಹಿಡಿದು ಕುಳಿತರೆ ಹನಿಯೂ ಬರುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರನ್ನೂ ಕಡಿಮೆ ಕುಡಿಯುತ್ತೇನೆ. ಮೂತ್ರ ಕಡುಹಳದಿಯಾಗಿ ಸ್ವಲ್ಪವೇ ಹೋಗುತ್ತದೆ. ಎರಡಕ್ಕೂ ಪಿಟ್ಯುಟರಿ ಗ್ರಂಥಿ ಕಾರಣವೆಂದು ಓದಿದೆ. ಅದರಲ್ಲೇ ದೋಷವಿದೆಯೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ನೀವು ಬರೆದಿರುವ ಲಕ್ಷಣಗಳಲ್ಲಿ ಗ್ರಂಥಿಯ ದೋಷ ಕಾಣುವುದಿಲ್ಲ, ಮಿದುಳು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಹಾಲನ್ನು ಹೊರದೂಡುವ ಆಕ್ಸಿಟೋಸಿನ್, ದೇಹದ ನೀರನ್ನು ಉಳಿಸುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನುಗಳೆರಡೂ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿಯ ಹಿಂಭಾಗದಿಂದ ರಕ್ತಕ್ಕೆ ಸೇರುತ್ತವೆಯಾದರೂ ಅಲ್ಲಿ ತಯಾರಾಗುವುದಿಲ್ಲ. ಅದರ ಮೇಲಿರುವ ಹೈಪೋಥಲಾಮಸ್ ಎಂಬ ಮಿದುಳಿನ ಭಾಗದ ದೊಡ್ಡ ನರಕೋಶಗಳು ಇವನ್ನು ತಯಾರಿಸಿ, ತಮ್ಮ ಉದ್ದನೆಯ ಎಳೆಗಳ ಮೂಲಕ ಕೆಳಗಿಳಿಸಿ, ತುದಿಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ನರಕೋಶದಲ್ಲಿ ವಿದ್ಯುತ್ ಸಂಕೇತ ಹೊಮ್ಮಿದಾಗ ಆ ತುದಿಗೆ ಕ್ಯಾಲ್ಸಿಯಂ ನುಗ್ಗಿ ಹಾರ್ಮೋನು ಬಿಡುಗಡೆಯಾಗುತ್ತದೆ. ಒಂಬತ್ತು ಅಮೈನೋ ಆಮ್ಲಗಳ ಈ ಎರಡು ಸರಪಳಿಗಳ ನಡುವೆ ಎರಡೇ ಕೊಂಡಿಗಳ ವ್ಯತ್ಯಾಸವಿದ್ದರೂ ಅವುಗಳನ್ನು ಹೊರಡಿಸುವ ಕರೆಗಳು ಪೂರ್ತಿ ಬೇರೆ.

ಮಗು ಚೀಪಿದಾಗ ಮೊಲೆತೊಟ್ಟಿನಿಂದ ಹೊರಟ ಸಂವೇದನೆ ಬೆನ್ನುಹುರಿಯ ಮೂಲಕ ಹೈಪೋಥಲಾಮಸ್ಸನ್ನು ತಲುಪುತ್ತದೆ. ಇಲಿಗಳಲ್ಲಿ ನೋಡಿರುವಂತೆ, ಆಗ ಆಕ್ಸಿಟೋಸಿನ್ ನರಕೋಶಗಳು ಕೆಲವು ನಿಮಿಷಗಳಿಗೊಮ್ಮೆ ಒಟ್ಟಾಗಿ, ಕೆಲವೇ ಸೆಕೆಂಡು ಮಿಡಿಯುತ್ತವೆ. ಹಾಗಾಗಿಯೇ ಹಾರ್ಮೋನು ಅಲೆಯಾಗಿ ಬಂದು ಹಾಲಿನ ಚೀಲಗಳನ್ನು ಹಿಂಡುತ್ತದೆ. ಈ ಕರೆಗೆ ಸ್ಪರ್ಶವೇ ಬೇಕೆಂದಿಲ್ಲ, ಕೂಸಿನ ಅಳು ಕಿವಿಗೆ ಬಿದ್ದರೂ ಸಾಕು. ಕರುವನ್ನು ಕಂಡೊಡನೆ ಹಸು ಸೊರ ಬಿಡುವುದನ್ನು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ಆತಂಕವು ಇದೇ ದಾರಿಯನ್ನು ತಡೆಯುತ್ತದೆ. 1948ರಲ್ಲಿ ಅಮೆರಿಕದ ನೈಲ್ಸ್ ನ್ಯೂಟನ್ ಎಂಬ ತಾಯಿ ತಮ್ಮ ಮೇಲೆಯೇ ಪ್ರಯೋಗ ನಡೆಸಿಕೊಂಡು, ಮನಸ್ಸಿಗೆ ಕಿರಿಕಿರಿಯಾದಾಗ ಮಗುವಿಗೆ ಸಿಗುವ ಹಾಲು ಇಳಿಯುವುದನ್ನೂ ಆಕ್ಸಿಟೋಸಿನ್ ಚುಚ್ಚಿದಾಗ ಅದು ಬಹುಪಾಲು ಮರಳುವುದನ್ನೂ ಪತಿಯೊಂದಿಗೆ ತೋರಿಸಿದರು. ಹಾಲನ್ನು ತಯಾರಿಸುವುದು ಪ್ರೊಲ್ಯಾಕ್ಟಿನ್ ಎಂಬ ಬೇರೆಯೇ ಹಾರ್ಮೋನು. ಆದ್ದರಿಂದ ಕಚೇರಿಯಲ್ಲಿ ಹನಿ ಬಾರದಿದ್ದರೆ ಹಾಲು ಬತ್ತಿತೆಂದು ದಯವಿಟ್ಟು ನೊಂದುಕೊಳ್ಳಬೇಡಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನು ಧೈರ್ಯವಾಗಿ ಕೇಳಿ ಪಡೆಯಿರಿ. ದಿನವೂ ಅದೇ ಜಾಗದಲ್ಲಿ ಕುಳಿತು, ಮಗುವಿನ ವಿಡಿಯೋ ನೋಡುತ್ತಾ ಪಂಪ್ ಆರಂಭಿಸಿ.

ವ್ಯಾಸೊಪ್ರೆಸಿನ್‌ಗೆ ಕರೆ ಕೊಡುವುದು ರಕ್ತದ ಲವಣಸಾಂದ್ರತೆ. ನೀರು ಕಡಿಮೆಯಾಗಿ ಆ ಸಾಂದ್ರತೆ ಶೇಕಡಾ 1ರಿಂದ 2ರಷ್ಟು ಏರಿದರೂ ಮಿದುಳಿನ ಸಂವೇದಕ ಕೋಶಗಳು ಅದನ್ನು ಗುರುತಿಸುತ್ತವೆ, ವ್ಯಾಸೊಪ್ರೆಸಿನ್ ಹೊರಡುತ್ತದೆ, ಮೂತ್ರಪಿಂಡದ ನಾಳಗಳು ನೀರನ್ನು ಮರಳಿ ಹೀರಿಕೊಳ್ಳುತ್ತವೆ. ನೀವು ಕಾಣುವ ಕಡುಹಳದಿ ಬಣ್ಣ ಇದರ ಗುರುತು. ನೀರು ಕುಡಿದಾಗ ಅದು ರಕ್ತಕ್ಕೆ ಸೇರುವ ಮೊದಲೇ, ಬಾಯಿ ಮತ್ತು ಗಂಟಲಿನಿಂದ ಬರುವ ಸೂಚನೆಯಿಂದಲೇ ವ್ಯಾಸೊಪ್ರೆಸಿನ್ ನರಕೋಶಗಳು ಶಾಂತವಾಗತೊಡಗುತ್ತವೆ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಕಚೇರಿ ತಲುಪಿದೊಡನೆ ನೀರು ಕುಡಿಯಿರಿ, ಹಾಲು ಹಿಂಡುವಾಗ ಪಕ್ಕದಲ್ಲೊಂದು ಬಾಟಲಿ ಇರಲಿ. ವ್ಯಾಸೊಪ್ರೆಸಿನ್ ಕೊರತೆಯಿದ್ದರೆ ಇದಕ್ಕೆ ವಿರುದ್ಧವಾಗಿ ತಿಳಿನೀರಿನಂಥ ಮೂತ್ರ ರಾತ್ರಿಯೂ ಧಾರಾಳವಾಗಿ ಹೋಗುತ್ತದೆ, ಬಾಯಾರಿಕೆ ತೀರುವುದೇ ಇಲ್ಲ. ಅಂಥದ್ದು ಕಂಡರೆ, ಮೂತ್ರ ಮಾಡುವಾಗ ಉರಿಯಾದರೆ ಅಥವಾ ಮನೆಯಲ್ಲಿಯೂ ಮಗುವಿಗೆ ಹಾಲು ಸಾಲದೆ ಹೋದರೆ ವೈದ್ಯರನ್ನು ಕಾಣಿರಿ.