ಕಡಿಮೆ ಓಡಿದ ಬೈಕು ಎಂದರೆ ನಾನು ಹೆದರುತ್ತೇನೆ

ಕಾಲೇಜಿನ ನಂತರ ಬೈಕು ಬಿಟ್ಟು, ನಲವತ್ತು ದಾಟಿದ ಮೇಲೆ ಮತ್ತೆ ಹತ್ತಬೇಕೆಂದಿರುವ ನೀವು 2014ರ ಕವಾಸಾಕಿ ನಿಂಜಾ 300 ಕೊಳ್ಳಲೋ 2016ರ ಕೆಟಿಎಂ ಆರ್‌ಸಿ 390 ಕೊಳ್ಳಲೋ ಎಂದು ಕೇಳಿದ್ದೀರಿ. ನಿಂಜಾ ಮೂಡಿಗೆರೆ ಕಡೆಯ ತೋಟದ ಮನೆಯೊಂದರಲ್ಲಿದ್ದು ಎಂಟು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಎಂಬ ಕಾರಣಕ್ಕೆ ನಿಮ್ಮ ಮನಸ್ಸು ಆಗಲೇ ಅತ್ತ ವಾಲಿರುವುದು ಪ್ರಶ್ನೆಯಲ್ಲೇ ಕಾಣುತ್ತದೆ. ಸರಿಯಾಗಿ ಅದೇ ಕಾರಣಕ್ಕೆ ನಾನೂ 2017ರಲ್ಲಿ ಒಂದು ಬೈಕು ಕೊಂಡೆ.

ಹಾಸನದಲ್ಲಿ ಓದುವಾಗ ನನ್ನ ಬಳಿ ಇದ್ದದ್ದು ಯಮಹಾ ಆರ್‌ಎಕ್ಸ್ 100. 98 ಸಿಸಿ, 11 ಅಶ್ವಶಕ್ತಿ, ನೂರು ಕಿಲೋಗಿಂತ ತುಸು ಹೆಚ್ಚಿನ ತೂಕ, ಎರಡೂ ಕಡೆ ಡ್ರಮ್ ಬ್ರೇಕು. ಬೇಲೂರು, ಸಕಲೇಶಪುರ, ಚಿಕ್ಕಮಗಳೂರುಗಳ ರಸ್ತೆಗಳೆಲ್ಲ ಅದರ ಮೇಲೆಯೇ ಪರಿಚಯವಾದವು. ಆಮೇಲೆ ಕೆಲಸ, ಮದುವೆ, ಮಕ್ಕಳು ಎಂದು ಕಾರಿಗೆ ಬಂದವನು ಬಹಳ ವರ್ಷ ಬೈಕಿನ ಹ್ಯಾಂಡಲ್ ಮುಟ್ಟಲಿಲ್ಲ. ಮತ್ತೆ ಆಸೆ ಹುಟ್ಟಿದಾಗ ಸಕಲೇಶಪುರದ ಬಳಿಯ ತೋಟದ ಮಾಲೀಕರೊಬ್ಬರು 2011ರ ಹೋಂಡಾ ಸಿಬಿಆರ್ 250ಆರ್ ಮಾರುತ್ತಾರೆಂದು ತಿಳಿಯಿತು. ಅವರ ಮಗ ವಿದೇಶಕ್ಕೆ ಹೋದ ಮೇಲೆ ಅದು ಕಾಫಿ ಗೋದಾಮಿನ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಮೀಟರಿನಲ್ಲಿ ಆರು ಸಾವಿರವೂ ಇರಲಿಲ್ಲ, ಬಣ್ಣ ಹೊಸದರಂತೆ ಹೊಳೆಯುತ್ತಿತ್ತು, ಟೈರಿನ ಅಂಚಿನಲ್ಲಿ ಹೊಸ ಟೈರಿಗೆ ಇರುವ ಕೂದಲಿನಂಥ ರಬ್ಬರ್ ಎಳೆಗಳು ಕೂಡ ಹಾಗೆಯೇ ಇದ್ದವು. ಆ ಎಳೆಗಳನ್ನು ಬೆರಳಿನಿಂದ ಸವರಿ ನೋಡಿ, ‘ಟೈರು ಸವೆದೇ ಇಲ್ಲ’ ಎಂದು ಸಂತೋಷಪಟ್ಟು, ಬೇರೆಡೆ ಕೇಳಿದ್ದಕ್ಕಿಂತ ಹೆಚ್ಚು ಬೆಲೆ ಕೊಟ್ಟು ತಂದೆ.

ನಾನು ತಪ್ಪಿದ್ದು ಇಲ್ಲಿಯೇ. ಇದನ್ನು ಸ್ವಲ್ಪ ಉದ್ದವಾಗಿಯೇ ವಿವರಿಸುತ್ತೇನೆ, ಏಕೆಂದರೆ ನಾನು ಮಾತನಾಡಿಸಿದ ಹತ್ತರಲ್ಲಿ ಒಂಬತ್ತು ಜನ ಟೈರನ್ನು ನಾನು ನೋಡಿದ ಹಾಗೆಯೇ ನೋಡುತ್ತಾರೆ. ಗ್ರಿಪ್ಪು ಎಷ್ಟು ಆಳ ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ. ರಬ್ಬರಿಗೆ ಎಷ್ಟು ವಯಸ್ಸಾಗಿದೆ ಎಂಬುದು ಹಾಗೆ ಕಾಣುವುದಿಲ್ಲ. ಓಡಲಿ, ಬಿಡಲಿ, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ರಬ್ಬರಿನ ಮೇಲೆ ಕೆಲಸ ಮಾಡುತ್ತಲೇ ಇರುತ್ತವೆ. ಅದರ ಮೃದುತ್ವ ವರ್ಷದಿಂದ ವರ್ಷಕ್ಕೆ ಇಳಿದು, ಕೊನೆಗೆ ಉಗುರು ಒತ್ತಿದರೆ ಗುರುತೂ ಮೂಡದಷ್ಟು ಗಟ್ಟಿಯಾಗುತ್ತದೆ. ಒಣ ಡಾಂಬರಿನ ಮೇಲೆ, ಬಿಸಿಲಿನಲ್ಲಿ, ನೇರ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಒದ್ದೆ ರಸ್ತೆಯಲ್ಲಿ ವಾಲಿದಾಗ ಟೈರಿನ ಅಂಚು ನೆಲವನ್ನು ಹಿಡಿಯಬೇಕು, ಗಟ್ಟಿಯಾದ ರಬ್ಬರ್ ಹಿಡಿಯುವುದಿಲ್ಲ. ಟೈರಿನ ವಯಸ್ಸನ್ನು ಕಂಪನಿಯವರು ಅದರ ಪಕ್ಕೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ: ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2211 ಎಂದರೆ 2011ರ ಇಪ್ಪತ್ತೆರಡನೆಯ ವಾರ. ಅನೇಕ ಟೈರುಗಳಲ್ಲಿ ಇದು ಒಂದೇ ಪಕ್ಕೆಯಲ್ಲಿರುತ್ತದೆ, ಆದ್ದರಿಂದ ಬಗ್ಗಿ ಎರಡೂ ಕಡೆ ಹುಡುಕಬೇಕು. ನಾನು ಬಗ್ಗಲಿಲ್ಲ. ಆ ಎಳೆಗಳು ಉಳಿದಿದ್ದದ್ದರ ಅರ್ಥ ಆ ಅಂಚು ಆರು ವರ್ಷಗಳಲ್ಲಿ ಒಮ್ಮೆಯೂ ರಸ್ತೆಗೆ ತಾಗಿರಲಿಲ್ಲ ಎಂಬುದಷ್ಟೇ. ಅದನ್ನು ನಾನು ಒಳ್ಳೆಯ ಲಕ್ಷಣವೆಂದು ಓದಿಕೊಂಡೆ.

ಫೆಬ್ರವರಿಯಿಡೀ ಬೈಕು ಚೆನ್ನಾಗಿಯೇ ಓಡಿತು. ಮಾರ್ಚ್ ಕೊನೆಯಲ್ಲಿ ಹೂಮಳೆ ಬಂತು. ತೋಟದವರೆಲ್ಲ ಆಕಾಶ ನೋಡಿ ಕಾಯುವ ಮಳೆ ಅದು, ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಕಾಫಿ ಗಿಡಗಳೆಲ್ಲ ಬೆಳ್ಳಗಾಗುತ್ತವೆ. ರಸ್ತೆಗೆ ಮಾತ್ರ ವರ್ಷದಲ್ಲೇ ಅತಿ ಕೆಟ್ಟ ಮಳೆ. ಬೇಸಿಗೆಯುದ್ದಕ್ಕೂ ಕೂತ ಧೂಳು, ಲಾರಿಗಳಿಂದ ಸೋರಿದ ಡೀಸೆಲ್ಲು ಎಲ್ಲವೂ ಮೇಲೆದ್ದು ಡಾಂಬರಿನ ಮೇಲೆ ಪೊರೆ ಕಟ್ಟುತ್ತವೆ. ಜುಲೈನ ಮಳೆಯ ಹಾಗೆ ತೊಳೆದುಕೊಂಡು ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ನಾನು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುವ ನೆಪ ಮಾಡಿಕೊಂಡು ಬೇಲೂರು, ಮೂಡಿಗೆರೆ ದಾರಿಯಲ್ಲಿ ಹೊರಟೆ. ಮೂಡಿಗೆರೆ ದಾಟಿದ ಮೇಲೆ ಎಡಕ್ಕೆ ಇಳಿಜಾರಾಗಿ ಸುತ್ತುವ ತಿರುವೊಂದರಲ್ಲಿ, ತೋಟದ ದಾರಿಯಿಂದ ಟ್ರ್ಯಾಕ್ಟರು ಹೊತ್ತು ತಂದ ಕೆಮ್ಮಣ್ಣು ರಸ್ತೆಗೆ ಮೆತ್ತಿಕೊಂಡಿದ್ದು ಕಂಡು, ಆಕ್ಸಿಲೇಟರ್ ಪೂರ್ತಿ ಬಿಟ್ಟು ಮುಂದಿನ ಬ್ರೇಕನ್ನು ಮೆಲ್ಲಗೆ ಒತ್ತಿದೆ. ವೇಗ ನಲವತ್ತು ಕೂಡ ಇರಲಿಲ್ಲ. ಮುಂದಿನ ಚಕ್ರ ಹೇಳದೆ ಕೇಳದೆ ಜಾರಿತು. ಭುಜ ಕೊಟ್ಟು ಬಿದ್ದದ್ದರಿಂದ ಕಾಲರ್ ಬೋನ್ ಮುರಿಯಿತು. ಹೆಲ್ಮೆಟ್ ಮತ್ತು ಜಾಕೆಟ್ ಇದ್ದುದರಿಂದ ಉಳಿದದ್ದೆಲ್ಲ ತರಚು ಗಾಯ. ಫೇರಿಂಗ್ (ಬೈಕಿನ ಪ್ಲಾಸ್ಟಿಕ್ ಹೊರಕವಚ), ಸೈಲೆನ್ಸರ್, ಹ್ಯಾಂಡಲ್ಲುಗಳ ಖರ್ಚು ಒಂದು ಜೊತೆ ಹೊಸ ಟೈರಿನ ಬೆಲೆಯನ್ನು ಎಷ್ಟೋ ಮೀರಿತು. ಗ್ಯಾರೇಜಿನವರು ಟೈರು ತಿರುಗಿಸಿ ಅಂಕಿ ತೋರಿಸಿದಾಗಲೇ ನನಗೆ ಈ ವಿದ್ಯೆ ತಿಳಿದದ್ದು.

ನನ್ನ ಕೈಗೂ ಅದರಲ್ಲಿ ಪಾಲಿತ್ತು. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಆಕ್ಸಿಲೇಟರ್ ಬಿಟ್ಟರೆ ಅದು ಹಗುರವಾಗಿ ಹರಿದುಕೊಂಡು ಹೋಗುತ್ತದೆ, ಎಂಜಿನ್ ಹಿಡಿತ ಇಲ್ಲವೆನ್ನುವಷ್ಟು ಕಡಿಮೆ. 250 ಸಿಸಿಯ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಹಾಗಲ್ಲ; ತಿರುವಿನ ನಡುವೆ ಥಟ್ಟನೆ ಬಿಟ್ಟರೆ ಹಿಂದಿನಿಂದ ಯಾರೋ ಎಳೆದಂತಾಗಿ ಭಾರವೆಲ್ಲ ಮುಂದಿನ ಟೈರಿಗೆ ಬೀಳುತ್ತದೆ. ‘ಒಮ್ಮೆ ಕಲಿತದ್ದು ಮರೆಯುವುದಿಲ್ಲ’ ಎಂದು ನೀವು ಬರೆದಿದ್ದೀರಿ. ಮರೆಯುವುದಿಲ್ಲ ನಿಜ, ಆದರೆ ಕೈ ನೆನಪಿಟ್ಟುಕೊಂಡಿರುವುದು ಬೇರೆ ಬೈಕನ್ನು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುನಾದಿಯನ್ನೇ ನಾನು ಒಪ್ಪುವುದಿಲ್ಲ. ಎಂಟು ಸಾವಿರ ಕಿಲೋಮೀಟರ್ ಎಂಬುದು ಹೆಚ್ಚು ಬೆಲೆ ಕೊಡಬೇಕಾದ ಗುಣವಲ್ಲ, ಕಡಿಮೆ ಮಾಡಿ ಕೇಳಬೇಕಾದ ದೋಷ. ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಬ್ರೇಕ್ ಆಯಿಲ್ ನೀರು ಹೀರಿಕೊಂಡಿರುತ್ತದೆ (ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ವಸ್ತು ಅದು), ಟ್ಯಾಂಕಿನೊಳಗೆ ತುಕ್ಕು ಹಿಡಿದಿರಬಹುದು, ಹಳೆಯ ಪೆಟ್ರೋಲು ಅಂಟಾಗಿ ಇಂಜೆಕ್ಟರ್ ಕಟ್ಟಿರಬಹುದು, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಸೀಲುಗಳು ಒಣಗಿ, ಓಡಿಸಲು ಶುರು ಮಾಡಿದ ಕೂಡಲೇ ಎಣ್ಣೆ ಬಿಡಬಹುದು. ನಾನಾದರೆ ಪ್ರತಿ ಸರ್ವಿಸಿನ ಬಿಲ್ಲು ಇಟ್ಟುಕೊಂಡಿರುವ, ದಿನವೂ ಆಫೀಸಿಗೆ ಹೋಗಿಬರುವ ಒಬ್ಬನೇ ಮಾಲೀಕನ ಮೂವತ್ತು ಸಾವಿರ ಓಡಿದ ಗಾಡಿಯನ್ನು ಕಣ್ಣು ಮುಚ್ಚಿ ಅಲ್ಲದಿದ್ದರೂ ಅರ್ಧ ಮುಚ್ಚಿ ಕೊಳ್ಳುತ್ತೇನೆ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ. ಹೋದಾಗ ಬಿಸಿಯಾಗಿದ್ದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆ ಮುಚ್ಚಿಟ್ಟಿರಬಹುದು. ಫೇರಿಂಗ್ ಇರುವ ಬೈಕಿನಲ್ಲಿ ಬಿದ್ದ ಗುರುತು ಅಡಗಿಸುವುದು ಸುಲಭ, ಹೊಸ ಪ್ಲಾಸ್ಟಿಕ್ ಹಾಕಿಬಿಟ್ಟರೆ ಮುಗಿಯಿತು. ಹಾಗಾಗಿ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಅದು ಬಂದು ತಾಗುವ ಚಾಸಿಯ ಸಣ್ಣ ತಡೆಗಳನ್ನು ಟಾರ್ಚ್ ಬಿಟ್ಟು ನೋಡಿ. ಜೋರಾಗಿ ಬಿದ್ದ ಬೈಕಿನಲ್ಲಿ ಅಲ್ಲಿ ಬಣ್ಣ ಹಾರಿ ಲೋಹ ಜಜ್ಜಿದಂತಿರುತ್ತದೆ, ಅದನ್ನು ಸರಿಮಾಡುವ ತಾಪತ್ರಯಕ್ಕೆ ಯಾರೂ ಹೋಗುವುದಿಲ್ಲ. ಬ್ರೇಕ್ ಲಿವರಿನ ತುದಿ, ಫುಟ್‌ರೆಸ್ಟಿನ ತುದಿಗಳೂ ಇದೇ ಕಥೆ ಹೇಳುತ್ತವೆ.

ಮಾಡೆಲ್ಲುಗಳ ವಿಷಯಕ್ಕೆ ಬಂದರೆ, 2014ರ ನಿಂಜಾದಲ್ಲಿ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲ. ನಮ್ಮಲ್ಲಿ ಅದಕ್ಕೆ ಎಬಿಎಸ್ ಬಂದದ್ದು 2018ರಲ್ಲಿ. ಆರ್‌ಸಿ 390ರಲ್ಲಿ ಮೊದಲಿನಿಂದಲೂ ಎಬಿಎಸ್ ಇದೆ, ಆದರೆ ಅದರ ಬಗ್ಗಿ ಕೂರುವ ಭಂಗಿ, ಪೇಟೆಯೊಳಗೆ ಕಾಲಿಗೆ ಬಡಿಯುವ ಬಿಸಿ, ಏಕಾಏಕಿ ನುಗ್ಗುವ 43 ಅಶ್ವಶಕ್ತಿ ಮರಳಿ ಬರುವವನಿಗೆ ಹೇಳಿ ಮಾಡಿಸಿದ್ದಲ್ಲ. ನನ್ನನ್ನು ಕೇಳಿದರೆ ಎರಡೂ ಬೇಡ. 2019ರ ನಂತರದ ಯಮಹಾ ಆರ್15 ವಿ3 ನೋಡಿ: 155 ಸಿಸಿ, ಎರಡೂ ಚಕ್ರಕ್ಕೆ ಎಬಿಎಸ್, ಮಾರಬೇಕೆಂದರೆ ತಕ್ಷಣ ಗಿರಾಕಿ ಸಿಗುತ್ತಾರೆ. ಮಕ್ಕಳ ಬೈಕು ಎಂದು ಮೂಗು ಮುರಿಯಬೇಡಿ. ಚಾರ್ಮಾಡಿಯ ತಿರುವುಗಳಲ್ಲಿ ಅದರ ಪೂರ್ತಿ ಶಕ್ತಿಯನ್ನು ಬಳಸಲು ನಿಮಗೆ ಒಂದು ಮಳೆಗಾಲವಾದರೂ ಬೇಕು. ಯಾವುದನ್ನೇ ಕೊಂಡರೂ, ಘಟ್ಟಕ್ಕೆ ಹೋಗುವ ಮೊದಲು ಖಾಲಿ ಮೈದಾನದಲ್ಲಿ ನಲವತ್ತರ ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಿಡಿದು ನಿಲ್ಲಿಸುವುದನ್ನು ಬೇಸರವಾಗುವವರೆಗೆ ಮಾಡಿ.

ಕಾಗದ ಪತ್ರಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ನಿಮ್ಮ ಲೈಸೆನ್ಸಿನ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕಾಗುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ. ವರ್ಗಾವಣೆಗೆ ಫಾರಂ 29 ಮತ್ತು 30, ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಫಾರಂ 35 ಹಾಗೂ ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಇನ್ಶೂರೆನ್ಸನ್ನು ಹದಿನಾಲ್ಕು ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿ. ನೋಂದಣಿಯ ಹದಿನೈದು ವರ್ಷದ ಅವಧಿ ಆ ನಿಂಜಾಕ್ಕೆ 2029ರ ಸುಮಾರಿಗೆ ಮುಗಿಯುತ್ತದೆ ಎಂಬುದನ್ನೂ ಬೆಲೆ ಮಾತನಾಡುವಾಗ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟೆಲ್ಲ ಓದಿಯೂ ಆ ನಿಂಜಾವೇ ಬೇಕೆನ್ನಿಸಿದರೆ, ಎರಡು ಟೈರು, ಚೈನ್ ಸೆಟ್, ಬ್ಯಾಟರಿ, ಫೋರ್ಕ್ ಸೀಲು, ಎಲ್ಲ ಆಯಿಲ್ಲುಗಳ ಬೆಲೆಯನ್ನು ಮೆಕ್ಯಾನಿಕ್‌ನಿಂದ ಬರೆಸಿಕೊಂಡು ಹೋಗಿ ಅಷ್ಟನ್ನೂ ಕಡಿತ ಮಾಡಿಸಿ. ಮಾಲೀಕರು ಒಪ್ಪಿದರೂ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಓಡಿಸಿಕೊಂಡು ಬರಬೇಡಿ. ಪಿಕಪ್‌ನಲ್ಲಿ ಹಾಕಿಸಿಕೊಂಡು ಬಂದು ನೇರವಾಗಿ ಟೈರಿನ ಅಂಗಡಿಯ ಮುಂದೆಯೇ ಇಳಿಸಿ.