ನರಿಮುಖದ ದೇವರು, ಮನುಷ್ಯಮುಖದ ಹಕ್ಕಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಚ್ಚಾದ, ಸತ್ತವನ ಹೃದಯವನ್ನು ತಕ್ಕಡಿಯಲ್ಲಿಟ್ಟು ತೂಗುವ ಈಜಿಪ್ಟಿನ ಚಿತ್ರ ನೋಡಿದೆ. ಮನುಷ್ಯ ತನ್ನೊಳಗಿನ ಪಶುವನ್ನು ಗೆದ್ದು ದೇವರಾಗಬೇಕು ಎಂಬುದೇ ಆ ಪ್ರಾಣಿಮುಖದ ದೇವರುಗಳ ಅರ್ಥವಲ್ಲವೇ? ಸತ್ತವರು ಹಾವು, ಮೊಸಳೆ ಆಗುತ್ತಾರೆ ಎಂದೂ ಓದಿದ್ದೇನೆ. ಅದು ನಮ್ಮ ಪುನರ್ಜನ್ಮವೇ ತಾನೆ? – ಓದುಗರೊಬ್ಬರು, ತೀರ್ಥಹಳ್ಳಿ

ಸಂಪಾದಕರ ಉತ್ತರ: ಎರಡಕ್ಕೂ ‘ಅಲ್ಲ’ ಎನ್ನಬೇಕಾಗಿದೆ. ಪ್ರಾಣಿ ಕೆಳಗೆ, ಮನುಷ್ಯ ನಡುವೆ, ದೇವರು ಮೇಲೆ ಎಂಬ ಏಣಿಯನ್ನು ಈಜಿಪ್ಟಿನವರು ಹಾಕಿಕೊಂಡಿರಲಿಲ್ಲ. ಆ ಏಣಿ ನಮ್ಮದು. ಅದನ್ನು ಅವರ ಗೋಡೆಗೆ ಒರಗಿಸಿ ನೋಡುತ್ತೇವೆ, ಅಷ್ಟೆ.

ಅದೇ ಚಿತ್ರವನ್ನು ಇನ್ನೊಮ್ಮೆ ತೆರೆದಿಟ್ಟುಕೊಳ್ಳಿ. ಅದು ಆನಿ ಎಂಬಾತನಿಗಾಗಿ ಪಪೈರಸ್ ಹಾಳೆಯ ಮೇಲೆ ಬರೆದ ‘ಸತ್ತವರ ಪುಸ್ತಕ’ದ, ಅಂದರೆ ಗೋರಿಯಲ್ಲಿಡುತ್ತಿದ್ದ ಮಂತ್ರಗಳ ಸುರುಳಿಯದು. ಕ್ರಿ.ಪೂ. 1250ರ ಆಸುಪಾಸಿನದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆನಿ ದೇವರ ನೈವೇದ್ಯದ ಲೆಕ್ಕ ಬರೆಯುತ್ತಿದ್ದವನು, ನಮ್ಮ ಮಾತಿನಲ್ಲಿ ದೇವಸ್ಥಾನದ ಶಾನುಭೋಗ. ತಕ್ಕಡಿಯ ಬುಡದಲ್ಲಿ ಮಂಡಿಯೂರಿ ತೂಗುಗುಂಡನ್ನು ಸರಿನೋಡುತ್ತಿರುವವನು ಸ್ಮಶಾನದ ದೇವರು ಅನುಬಿಸ್: ನರಿಯ ತಲೆ, ಮನುಷ್ಯನ ಮೈ. ಬಲಕ್ಕೆ ತೀರ್ಪು ಬರೆದುಕೊಳ್ಳುತ್ತಿರುವ, ಬರವಣಿಗೆಯ ದೇವರು ಥೋತ್‌ಗೆ ಬಾಗಿದ ಕೊಕ್ಕಿನ ಐಬಿಸ್ ಹಕ್ಕಿಯ ತಲೆ. ಇನ್ನು ಎಡಗಡೆ ನೋಡಿ. ಪುಟ್ಟ ಕಟ್ಟಡದ ಮೇಲೊಂದು ಹಕ್ಕಿ ನಿಂತಿದೆ, ಅದಕ್ಕೆ ಮನುಷ್ಯನ ತಲೆ. ಅದು ಆನಿಯ ‘ಬಾ’, ಸತ್ತ ಮೇಲೂ ಓಡಾಡಬಲ್ಲ ಅವನ ಅಂಶ. ಅಂದರೆ ದೇವರಿಗೆ ಪ್ರಾಣಿಯ ತಲೆ ಮನುಷ್ಯನ ಮೈ, ಮನುಷ್ಯನಿಗೆ ಮನುಷ್ಯನ ತಲೆ ಪ್ರಾಣಿಯ ಮೈ.

ಇದನ್ನು ಓದುವ ಕ್ರಮ ಸರಳ. ಅದು ಯಾರು ಎಂದು ತಲೆ ಹೇಳುತ್ತದೆ, ಏನು ಮಾಡಬಲ್ಲದು ಎಂದು ಮೈ ಹೇಳುತ್ತದೆ. ಮರಳುಗಾಡಿನ ಅಂಚಿನ ಸ್ಮಶಾನಗಳಲ್ಲಿ ಸುಳಿಯುವ ನರಿ ಅನುಬಿಸ್‌ನ ಗುರುತು. ಆದರೆ ತಕ್ಕಡಿ ಹಿಡಿಯಲು ಕೈ ಬೇಕಲ್ಲ. ಆನಿಯ ಮುಖ ಆನಿಯದೇ; ಗೋರಿಯಿಂದ ಹಗಲು ಹೊರಹೋಗಿ ರಾತ್ರಿ ಮರಳಲು ರೆಕ್ಕೆ ಬೇಕು. ತಕ್ಕಡಿಯ ತುದಿಯಲ್ಲಿ ಕೂತ ಬಬೂನ್ ಕೋತಿಯನ್ನು ಗಮನಿಸಿದಿರಾ? ಅದೂ ಥೋತ್‌ನ ರೂಪವೇ. ಒಂದೇ ಚಿತ್ರದಲ್ಲಿ ಒಬ್ಬನೇ ದೇವರು ಎರಡು ಪ್ರಾಣಿಯ ಗುರುತಿನಲ್ಲಿ ಕಾಣುತ್ತಾನೆಂದರೆ, ಆ ತಲೆ ಅವನ ಸ್ವಭಾವದ ಫೋಟೋ ಅಲ್ಲ, ಬರೆದ ಅಕ್ಷರ. ಗಿಜಾದಲ್ಲಿರುವ, ದೊರೆಯ ತಲೆ ಸಿಂಹದ ಮೈಯ ವಿಗ್ರಹವಾದ ಸ್ಫಿಂಕ್ಸ್‌ಗೂ ಇದೇ ಮಾತು: ಆ ಸಿಂಹದ ಮೈ ದೊರೆಯ ಬಲ, ಅವನು ಇನ್ನೂ ಗೆಲ್ಲಬೇಕಾದ ಪಶುತ್ವ ಅಲ್ಲ.

ಮನುಷ್ಯ ಪಶುವೋ ದೇವರೋ ಎಂಬುದಕ್ಕೆ ನೇರ ಉತ್ತರ ಬೇಕಿದ್ದರೆ ಮೆರಿಕಾರೆ ಎಂಬ ದೊರೆಗೆ ಅವನ ತಂದೆ ಹೇಳಿದ್ದೆನ್ನಲಾದ ಬುದ್ಧಿಮಾತಿನಲ್ಲಿದೆ. ಮನುಷ್ಯರು ದೇವರ ದನಗಳು, ಚೆನ್ನಾಗಿ ಮೇಯಿಸಿಕೊಂಡವರು ಎನ್ನುತ್ತದೆ ಅದು; ಒಂದೆರಡು ಸಾಲು ದಾಟುವಷ್ಟರಲ್ಲಿ, ಅವರು ಅವನ ಪ್ರತಿರೂಪಗಳು, ಅವನ ಮೈಯಿಂದಲೇ ಬಂದವರು ಎಂದೂ ಹೇಳುತ್ತದೆ. ಎರಡಕ್ಕೂ ಜಗಳವಿಲ್ಲ. ಶೈವರ ಪಶು-ಪತಿ-ಪಾಶ (ಜೀವ, ಒಡೆಯ, ಜೀವವನ್ನು ಕಟ್ಟಿದ ಹಗ್ಗ) ನಿಮಗೆ ನೆನಪಾಗಬಹುದು. ಆದರೆ ಇಲ್ಲಿ ಬಿಡಿಸಿಕೊಳ್ಳಬೇಕಾದ ಪಾಶವೇ ಇಲ್ಲ, ಮಂದೆಯಲ್ಲಿರುವುದೇ ಭಾಗ್ಯ. ಶವಪೆಟ್ಟಿಗೆಗಳ ಮೇಲೆ ಬರೆದ ಇನ್ನೊಂದು ಹಳೆಯ ಪಠದಲ್ಲಿ ದೇವರುಗಳು ಸೃಷ್ಟಿಕರ್ತನ ಬೆವರಿನಿಂದ, ಮನುಷ್ಯರು ಅವನ ಕಣ್ಣೀರಿನಿಂದ ಹುಟ್ಟುತ್ತಾರೆ. ಅವರ ಭಾಷೆಯಲ್ಲಿ ‘ಮನುಷ್ಯರು’, ‘ಕಣ್ಣೀರು’ ಎಂಬ ಪದಗಳು ಹೆಚ್ಚುಕಡಿಮೆ ಒಂದೇ ಸದ್ದಿನವು, ಅದರ ಮೇಲೆ ಕಟ್ಟಿದ ಶ್ಲೇಷೆ ಅದು.

ಹಾಗಾದರೆ ಮನುಷ್ಯ ಎಡವುವುದು ಎಲ್ಲಿ? ಹೃದಯದಲ್ಲಿ. ಮಮ್ಮಿ ಮಾಡುವ 70 ದಿನಗಳ ಕೆಲಸದಲ್ಲಿ ಮಿದುಳನ್ನು ಮೂಗಿನಿಂದ ಎಳೆದು ಬಿಸಾಡುತ್ತಿದ್ದರು. ಯಕೃತ್ತು, ಶ್ವಾಸಕೋಶ, ಜಠರ, ಕರುಳು ನಾಲ್ಕು ಭರಣಿಗಳಿಗೆ ಹೋಗುತ್ತಿದ್ದವು. ಆನಿಯ ಕಾಲಕ್ಕೆ ಆ ಭರಣಿಗಳ ಮುಚ್ಚಳ ಕ್ರಮವಾಗಿ ಮನುಷ್ಯ, ಬಬೂನ್, ನರಿ, ಗಿಡುಗನ ತಲೆ. ಹೃದಯವನ್ನು ಮಾತ್ರ ಮೈಯಲ್ಲೇ ಬಿಡುತ್ತಿದ್ದರು, ಏಕೆಂದರೆ ವಿಚಾರಣೆಯಲ್ಲಿ ಅದೇ ಸಾಕ್ಷಿ. ಆ ಸಾಕ್ಷಿ ತಿರುಗಿಬಿದ್ದರೆ? ಅದಕ್ಕೂ ಏರ್ಪಾಡಿತ್ತು. ಹಸಿರು ಕಲ್ಲಿನಲ್ಲಿ ಸಗಣಿಹುಳು ಕೆತ್ತಿ, ಅದರ ಹೊಟ್ಟೆಯಡಿ ‘ನನ್ನ ತಾಯಿ ಕೊಟ್ಟ ಹೃದಯವೇ, ನನಗೆ ಎದುರು ಸಾಕ್ಷಿ ಹೇಳಬೇಡ’ ಎಂಬರ್ಥದ ಮಂತ್ರ ಕೊರೆದು ಎದೆಯ ಮೇಲಿಡುತ್ತಿದ್ದರು. ಸೊಬೆಕೆಮ್ಸಾಫ್ ಎಂಬ ದೊರೆಯದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ: ಹಸಿರು ಜಾಸ್ಪರ್ ಕಲ್ಲಿನ ಹುಳು, ಚಿನ್ನದ ಪೀಠ, ಚಿನ್ನದಲ್ಲೇ ಮಾಡಿದ ಹುಳುವಿನ ಕಾಲು, ಮುಖ ಮಾತ್ರ ಮನುಷ್ಯನದು.

ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಹರಡಿದೆ: ಹೃದಯ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವ ಗರಿಗಿಂತ ಹಗುರವಾಗಿರಬೇಕು ಅಂತ. ಹಾಗಲ್ಲ. ಸತ್ಯ-ನ್ಯಾಯದ ದೇವತೆ ಮಾತ್‌ಳ ಗರಿಗೂ ಹೃದಯಕ್ಕೂ ಸರಿಸಮ ತೂಗಬೇಕು. ಆನಿಯ ತಕ್ಕಡಿಯ ದಂಡ ಮಟ್ಟಸವಾಗಿ ನಿಂತಿದೆ. ತೂಕ ತಪ್ಪಿದರೆ ಹೃದಯವನ್ನು ನುಂಗಲು ಅಮ್ಮಿತ್ ಕಾದಿರುತ್ತಾಳೆ: ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗ. ‘ಇಗೋ ಪಶು’ ಎನ್ನಬೇಡಿ. ಅವಳು ಆನಿಯ ಒಳಗಿಲ್ಲ, ನ್ಯಾಯಾಲಯದ ನೌಕರಿಯಲ್ಲಿದ್ದಾಳೆ. ಸತ್ತವನು ಅಲ್ಲಿ ‘ಮಾಡಿಲ್ಲ’ ಎಂದು ಒಪ್ಪಿಸುವ ಪಟ್ಟಿ ನೋಡಿದರೆ ಅದು ಇನ್ನೂ ಸ್ಪಷ್ಟ: ತಕ್ಕಡಿಯಲ್ಲಿ ಮೋಸ ಮಾಡಿಲ್ಲ, ಹರಿವ ನೀರಿಗೆ ಅಡ್ಡ ಕಟ್ಟಿಲ್ಲ, ಮಕ್ಕಳ ಬಾಯಿಂದ ಹಾಲು ಕಿತ್ತಿಲ್ಲ, ದನಗಳನ್ನು ಅವುಗಳ ಹುಲ್ಲುಗಾವಲಿನಿಂದ ಓಡಿಸಿಲ್ಲ. ಇದರಲ್ಲಿ ಯಾವುದನ್ನು ದನ ಮಾಡೀತು?

ಪುನರ್ಜನ್ಮದ ಗೊಂದಲ ಹಳೆಯದು, ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನಿಂದ ಬಂದದ್ದು. ಆತ್ಮ ನೆಲ, ನೀರು, ಆಕಾಶದ ಜೀವಿಗಳನ್ನೆಲ್ಲ ಸುತ್ತಿ 3000 ವರ್ಷಕ್ಕೆ ಮತ್ತೆ ಮನುಷ್ಯನಾಗುತ್ತದೆ ಎಂದು ಈಜಿಪ್ಟಿನವರು ನಂಬುತ್ತಾರೆಂದು ಅವನು ಬರೆದ. ಅವರ ಪಠಗಳಲ್ಲಿರುವುದು ಬೇರೆ. ‘ಸತ್ತವರ ಪುಸ್ತಕ’ದ 76ರಿಂದ 88ನೆಯ ಮಂತ್ರದವರೆಗೆ ಗಿಡುಗ, ತಾವರೆ, ಬಕ, ಕವಲುತೋಕೆಯ ಪುಟ್ಟ ಹಕ್ಕಿ, ಹಾವು, ಮೊಸಳೆ ಆಗುವ ವಿಧಾನಗಳಿವೆ. ಇವು ಕರ್ಮಕ್ಕೆ ಸಿಕ್ಕ ಶಿಕ್ಷೆಯಲ್ಲ, ವಿಚಾರಣೆಯಲ್ಲಿ ಗೆದ್ದವನು ಬಯಸಿ ತೊಡುವ ರೂಪಗಳು. ಬೇಕೆಂದಾಗ ತೊಟ್ಟು ಬೇಡವೆಂದಾಗ ಕಳಚಬಹುದು, ಮರಳುವುದು ಮಾತ್ರ ತನ್ನದೇ ಮೈಗೆ. ಆನಿಯ ಸುರುಳಿಯಲ್ಲೇ ಮುಂದೆ 89ನೆಯ ಮಂತ್ರದ ಚಿತ್ರವಿದೆ. ಮಂಚದ ಮೇಲೆ ಅವನ ಮಮ್ಮಿ ಮಲಗಿದೆ, ಅದರ ಮೇಲೆ ಅದೇ ಹಕ್ಕಿ, ಅವನದೇ ಮುಖ ಹೊತ್ತು, ರೆಕ್ಕೆ ಹರಡಿ ನಿಂತಿದೆ.